ಕಾಲದ ಕೊನೆಭಾಗದವರು: ಇನ್ನೂ ಹುಟ್ಟದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಬಗೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರುಗಳನ್ನು ದಾಟಿ ಮಾನ್ವಿ, ರಾಯಚೂರಿನ ಕಡೆಗೆ ಸಾಗುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ ಎಂಬುದು ನಮ್ಮಲ್ಲಿ ಪ್ರತಿ ವರ್ಷದ ಜಗಳ. ಮೇಲ್ಭಾಗದವರು ಭತ್ತ ನಾಟಿ ಮಾಡಿ ಗದ್ದೆ ತುಂಬ ನೀರು ನಿಲ್ಲಿಸಿಕೊಂಡರೆ ಕೊನೆಭಾಗದಲ್ಲಿ ಗೇಜ್, ಅಂದರೆ ಕಾಲುವೆಯ ನೀರಿನ ಮಟ್ಟ, ಇಳಿಯುತ್ತದೆ. ಆಗ ಅಲ್ಲಿಯ ರೈತರು ರಸ್ತೆಯ ಮೇಲೆ ಕೂರುತ್ತಾರೆ, ಕಚೇರಿಗೆ ಮುತ್ತಿಗೆ ಹಾಕುತ್ತಾರೆ, ಒಂದೆರಡು ದಿನಕ್ಕಾದರೂ ನೀರು ಬಿಡಿಸಿಕೊಂಡು ಹೋಗುತ್ತಾರೆ. ನಾನು ಇಲ್ಲಿ ಬರೆಯಹೊರಟಿರುವುದು ಇನ್ನೊಂದು ಬಗೆಯ ಕೊನೆಭಾಗದವರನ್ನು ಕುರಿತು. 2080ರಲ್ಲಿ ಇದೇ ಹೊಲಗಳಲ್ಲಿ ಉಳುಮೆ ಮಾಡುವವರು ಇದೇ ಕಾಲುವೆಯನ್ನು ನಂಬಿಕೊಂಡಿರುತ್ತಾರೆ. ಆದರೆ ಅವರು ಇನ್ನೂ ಹುಟ್ಟಿಲ್ಲವಾದ್ದರಿಂದ ರಸ್ತೆ ತಡೆಯಲಾರರು, ಮನವಿ ಕೊಡಲಾರರು, ಮತ ಹಾಕಲಾರರು. ಅವರ ಪಾಲಿನ ಮಾತನ್ನು ಇಂದಿನ ಸಭೆಗೆ ತರುವುದು ಹೇಗೆ ಎಂಬುದನ್ನು ಮನಃಶಾಸ್ತ್ರದ ಕೆಲವು ಪ್ರಯೋಗಗಳ ನೆರವಿನಿಂದಲೂ, ನೀರು ಬಳಕೆದಾರರ ಸಹಕಾರ ಸಂಘವೊಂದರ ಕಾರ್ಯದರ್ಶಿಯಾಗಿ ನಾನು ಪಟ್ಟ ಪಾಡಿನಿಂದಲೂ ವಿವರಿಸಲು ಯತ್ನಿಸುತ್ತೇನೆ. ಸಂಘವಿಲ್ಲದವರು ಇದನ್ನು ಗ್ರಾಮಸಭೆಯಲ್ಲಿ, ಶಾಲಾಭಿವೃದ್ಧಿ ಸಮಿತಿಯಲ್ಲಿ, ಅಣ್ಣತಮ್ಮಂದಿರು ಹೊಲದ ಬಗ್ಗೆ ಮಾತಾಡಲು ಕೂತಾಗಲೂ ಬಳಸಬಹುದು.

ಮೊದಲು ಅಡ್ಡಿ ಯಾವುದೆಂದು ಗುರುತಿಸಿಕೊಳ್ಳಿ

ಜನರಲ್ಲಿ ಔದಾರ್ಯವೇ ಇಲ್ಲವೆಂದು ತಿಳಿದು ಕೆಲಸ ಆರಂಭಿಸಿದರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಬಂದು ಬೀಳುವ ಜೋಳದ ರೊಟ್ಟಿಯ ರಾಶಿಯನ್ನು ಕಂಡವರು ಯಾರೂ ಹಾಗೆ ಹೇಳಲಾರರು. ತಾವು ತಟ್ಟಿ ಕಳಿಸಿದ ರೊಟ್ಟಿಯನ್ನು ಯಾರು ತಿಂದರೆಂದು ಆ ಹೆಣ್ಣುಮಕ್ಕಳು ವಿಚಾರಿಸುವುದೂ ಇಲ್ಲ. ಗುರುತಿಲ್ಲದವರಿಗೆ ಕೊಡುವ ಗುಣ ನಮ್ಮಲ್ಲಿ ಧಾರಾಳವಾಗಿದೆ. ಆದರೆ ಅದು ಕಣ್ಣೆದುರಿನ ಪಂಕ್ತಿಗೆ, ಈ ವಾರದ ಹಸಿವಿಗೆ ಹೊಂದಿಕೊಂಡು ಬೆಳೆದ ಗುಣ. ಕಣ್ಣಿಗೆ ಬೀಳದ್ದರ ಕಡೆಗೆ ಅದು ತಾನಾಗಿ ತಿರುಗುವುದಿಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. ಡೆಬೊರಾ ಸ್ಮಾಲ್, ಜಾರ್ಜ್ ಲೊವೆನ್‌ಸ್ಟೈನ್ ಮತ್ತು ಪಾಲ್ ಸ್ಲೊವಿಕ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭಾಗವಹಿಸಿದವರ ಕೈಗೆ ಐದು ಡಾಲರ್ ಕೊಟ್ಟು, ಬೇಕೆನಿಸಿದಷ್ಟನ್ನು ದಾನ ಮಾಡಲು ಹೇಳಲಾಯಿತು. ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ವಿವರ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಜನರ ಹಸಿವಿನ ಅಂಕಿಅಂಶ ಓದಿದವರು 1.14 ಡಾಲರ್ ಕೊಟ್ಟರು. ಹುಡುಗಿಯ ವಿವರವನ್ನೂ ಅಂಕಿಅಂಶವನ್ನೂ ಒಟ್ಟಿಗೆ ಓದಿದವರು ಹೆಚ್ಚು ಕೊಟ್ಟಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಅವರು ಕೊಟ್ಟದ್ದು 1.43 ಡಾಲರ್. ಒಂದು ಮುಖ ಕಂಡಾಗ ಕರಗಿದ ಮನಸ್ಸು ಪಕ್ಕದಲ್ಲಿ ಲೆಕ್ಕದ ಪಟ್ಟಿ ಕಂಡೊಡನೆ ಅರ್ಧ ಗಟ್ಟಿಯಾಯಿತು. ಹುಟ್ಟದವರಿಗೆ ಮುಖವೂ ಇಲ್ಲ, ಹೆಸರೂ ಇಲ್ಲ. ಅವರು ಇರುವುದೇ ಲೆಕ್ಕದ ಪಟ್ಟಿಯಲ್ಲಿ.

ನಮ್ಮ ಅಣೆಕಟ್ಟೆಯೇ ಇದಕ್ಕೆ ಇನ್ನೂ ಹತ್ತಿರದ ಸಾಕ್ಷಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋದಾಗ ಮೂರು ಜಿಲ್ಲೆಗಳ ಜನ ನಿದ್ದೆಗೆಟ್ಟರು. ಮಂತ್ರಿಗಳು ಬಂದರು, ತಜ್ಞರು ಬಂದರು, ಸುಮಾರು ಒಂದು ವಾರದಲ್ಲಿ ಹರಿಯುವ ನೀರಿನ ನಡುವೆಯೇ ಗೇಟಿನ ಬದಲಿಗೆ ನೀರು ತಡೆಯುವ ತಾತ್ಕಾಲಿಕ ಸ್ಟಾಪ್‌ಲಾಗ್ ಕೂರಿಸಲಾಯಿತು. ಅದು ಮಾಡಲೇಬೇಕಾದ ಕೆಲಸ, ಚೆನ್ನಾಗಿಯೇ ಆಯಿತು. ಆದರೆ ಅದೇ ಜಲಾಶಯ 1953ರಲ್ಲಿ ಪೂರ್ಣಗೊಂಡಾಗ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು, ಈಗ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಅಂದರೆ ಐದರಲ್ಲಿ ಒಂದು ಪಾಲು ಹೋಗಿದೆ, ಮತ್ತೆ ತಿರುಗಿ ಬಂದಿಲ್ಲ. ಹೂಳಿನ ಬಗ್ಗೆ ಹೇಳಿಕೆಗಳು, ವರದಿಗಳು, ಸಮತೋಲನ ಜಲಾಶಯದ ಯೋಜನೆಗಳು ಬಂದಿವೆಯಾದರೂ, ಹೂಳು ತುಂಬಿತೆಂದು ನಡುರಾತ್ರಿ ಎದ್ದು ಓಡಿದವರನ್ನು ನಾನು ಕಂಡಿಲ್ಲ. ಗೇಟು ಹೋದದ್ದು ಒಂದು ರಾತ್ರಿಯಲ್ಲಿ, ಅದೂ ಸದ್ದು ಮಾಡಿಕೊಂಡು. ಹೂಳು ಪ್ರತಿ ಮಳೆಗಾಲದಲ್ಲೂ ಸದ್ದಿಲ್ಲದೆ ಬಂದು ಕೂರುತ್ತದೆ. ನಿಮ್ಮ ಊರಿನಲ್ಲಿ ಗೇಟಿನಂಥ ಸಂಗತಿ ಯಾವುದು, ಹೂಳಿನಂಥ ಸಂಗತಿ ಯಾವುದು ಎಂದು ಒಂದು ಹಾಳೆಯ ಮೇಲೆ ಬೇರೆ ಬೇರೆ ಬರೆದುಕೊಳ್ಳುವುದೇ ಈ ಕೆಲಸದ ಮೊದಲ ಭಾಗ. ನಮ್ಮ ಸಂಘದ ಹಾಳೆಯಲ್ಲಿ ಹೂಳಿನ ಕಡೆಗೆ ಬಂದದ್ದು ಸವಳು-ಜವಳು, ಅಂದರೆ ಉಪ್ಪೇರಿ ನೀರು ನಿಂತು ಮಣ್ಣು ಕೆಡುವುದು: ವರ್ಷಕ್ಕೆ ಎರಡು ಬೆಳೆ ಭತ್ತ, ಹೊಲದ ಹೆಚ್ಚಿನ ನೀರನ್ನು ಹೊರಹಾಕಬೇಕಿದ್ದರೂ ಮುಚ್ಚಿಹೋದ ಬಸಿಗಾಲುವೆ, ಬೇಸಿಗೆಯಲ್ಲಿ ಮಣ್ಣಿನ ಮೇಲೇಳುವ ಬಿಳಿ ಪದರ.

ಬಡ್ಡಿ ಲೆಕ್ಕವನ್ನು ಎಲ್ಲಿ ನಿಲ್ಲಿಸಬೇಕು

ಮುಂದಿನದಕ್ಕೆ ಇಂದು ಕಡಿಮೆ ಬೆಲೆ ಕಟ್ಟುವುದು ಎಲ್ಲ ವ್ಯವಹಾರಸ್ಥರಿಗೂ ಗೊತ್ತಿರುವ ಮಾತು. ಶೇ 5ರ ಚಕ್ರಬಡ್ಡಿಯಲ್ಲಿ ಲೆಕ್ಕ ಹಾಕಿದರೆ ನೂರು ವರ್ಷದ ಬಳಿಕ ಕೈಗೆ ಬರುವ 100 ರೂಪಾಯಿಯ ಇಂದಿನ ಬೆಲೆ ಸುಮಾರು 76 ಪೈಸೆ. ಹಣದ ಮಟ್ಟಿಗೆ ಇದು ಸರಿ, ಏಕೆಂದರೆ ಇಂದು ಕೈಯಲ್ಲಿರುವ ಹಣ ಬೆಳೆಯುತ್ತದೆ. ಆದರೆ ಇದೇ ಪಟ್ಟಿಯನ್ನು ಮನುಷ್ಯರಿಗೆ ಹಚ್ಚಿದರೆ ಇಂದಿನ ಒಬ್ಬನ ಜೀವಕ್ಕೆ ನೂರು ವರ್ಷದ ಬಳಿಕದ 131 ಜೀವಗಳು ಸಮವೆಂದಾಗುತ್ತದೆ. ಹಾಗೆ ಒಪ್ಪಿ ಸಹಿ ಹಾಕುವವರು ನಮ್ಮ ಸಂಘದಲ್ಲಂತೂ ಇರಲಿಲ್ಲ. ಕೇಂಬ್ರಿಜ್‌ನ ಗಣಿತಜ್ಞ ಫ್ರಾಂಕ್ ರಾಮ್ಸೆ, ಮುಂದೆ ಬರುವ ಸುಖವನ್ನು ಅದು ಮುಂದೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಕಡಿಮೆ ಎಣಿಸುವುದು ನೀತಿಯಿಂದ ಸಮರ್ಥಿಸಲಾಗದ್ದೆಂದೂ, ಅದು ಕಲ್ಪನಾಶಕ್ತಿಯ ದೌರ್ಬಲ್ಯದಿಂದ ಹುಟ್ಟುವಂಥದ್ದೆಂದೂ 1928ರಲ್ಲೇ ಬರೆದಿದ್ದರು.

ಆದ್ದರಿಂದ ಖರ್ಚುವೆಚ್ಚದ ಚರ್ಚೆಯಲ್ಲಿ ಎರಡು ಪುಟಗಳನ್ನು ಬೇರೆಬೇರೆಯಾಗಿ ಇಡಬೇಕು. ಮೊದಲನೆಯದರಲ್ಲಿ ರೂಪಾಯಿಯಿಂದ ಮರಳಿ ಕೊಳ್ಳಬಹುದಾದ ವಸ್ತುಗಳಿರಲಿ: ಪಂಪ್‌ಸೆಟ್ಟು, ಪೈಪು, ಟ್ರ್ಯಾಕ್ಟರು, ಗೋದಾಮು. ಎರಡನೆಯದರಲ್ಲಿ ಎಷ್ಟೇ ರೊಕ್ಕ ಸುರಿದರೂ ಬೇಗ ಮರಳಿ ಬಾರದವು ಇರಲಿ: ಮಣ್ಣಿನ ಗುಣ, ಬಾವಿಯ ಸಿಹಿನೀರು, ಜಲಾಶಯದ ಅಳತೆ, ಸಂಡೂರಿನ ಗುಡ್ಡದಂಥ ಗುಡ್ಡ. ಬಡ್ಡಿ ಲೆಕ್ಕ ಮೊದಲ ಪುಟದಲ್ಲಿಯೇ ನಿಲ್ಲಬೇಕು. ಈ ಒಂದು ಗೆರೆ ಎಳೆದ ಮೇಲೆ ನಮ್ಮಲ್ಲಿ ಅರ್ಧ ವಾದ ತಾನಾಗಿ ಕಡಿಮೆಯಾಯಿತು.

ಮೊಮ್ಮಗನ ಹೆಸರಿನಲ್ಲಿ ಆರಂಭಿಸಿ, ಆದರೆ ಅಲ್ಲಿಯೇ ನಿಲ್ಲಬೇಡಿ

ಮುಂದಿನ ತಲೆಮಾರು ಎಂದೊಡನೆ ಎಲ್ಲರಿಗೂ ನೆನಪಾಗುವುದು ತಮ್ಮ ಮೊಮ್ಮಕ್ಕಳು. ರಕ್ತ ಹತ್ತಿರವಾದಷ್ಟೂ ತ್ಯಾಗ ಸುಲಭವೆಂಬುದನ್ನು ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1964ರಲ್ಲಿ ಗಣಿತದ ರೂಪದಲ್ಲಿಯೇ ತೋರಿಸಿದ್ದರು. ಈ ಬಾಗಿಲನ್ನು ಬಳಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಇದೇ ಬಾಗಿಲಿನಿಂದ ಇನ್ನೊಂದು ಯೋಚನೆಯೂ ಒಳಗೆ ಬರುತ್ತದೆ: ನನ್ನ ಮಗನನ್ನು ಬೆಂಗಳೂರಿಗೆ ಕಳಿಸಿ ಓದಿಸಿದರೆ ಮುಗಿಯಿತು, ಈ ಹೊಲ ಸವಳಾದರೆ ನನಗೇನು?

ಇಂಥವರ ಮುಂದೆ ನಾನು ಒಂದು ಸರಳ ಲೆಕ್ಕ ಇಡುತ್ತೇನೆ. ನಿಮ್ಮ ಮರಿಮೊಮ್ಮಗನಿಗೆ ಮುತ್ತಜ್ಜ-ಮುತ್ತಜ್ಜಿಯರು ಒಟ್ಟು ಎಂಟು ಜನ. ಅವರಲ್ಲಿ ಇಬ್ಬರು ನೀವು ಗಂಡಹೆಂಡತಿ. ಉಳಿದ ಆರು ಜನ ಈಗ ಎಲ್ಲೋ ಇದ್ದಾರೆ. ಒಬ್ಬರು ಮಾನ್ವಿಯ ಕಡೆ ಒಣಗುತ್ತಿರುವ ಹತ್ತಿಯ ಹೊಲದಲ್ಲಿರಬಹುದು, ಇನ್ನೊಬ್ಬರು ಗುಳೆ ಹೋಗಿ ಬೆಂಗಳೂರಿನ ಯಾವುದೋ ಕಟ್ಟಡದ ಬುಡದ ಶೆಡ್ಡಿನಲ್ಲಿರಬಹುದು, ಮತ್ತೊಬ್ಬರು ನೀವು ಕಳೆದ ವರ್ಷ ತೂಬಿನ ಬಳಿ ಜಗಳಾಡಿದವರೇ ಇರಬಹುದು. ಆ ಆರು ಮನೆಗಳಲ್ಲಿ ಯಾವುದು ನಿಮ್ಮ ವಂಶಕ್ಕೆ ಸೇರಲಿದೆಯೆಂದು ಹೇಳಬಲ್ಲವರಿಲ್ಲ. ಸ್ವಂತ ಮರಿಮೊಮ್ಮಗನ ಹಿತ ಬಯಸುವವರು ಕೂಡ ಕೊನೆಗೆ ಇಡೀ ಸೀಮೆಯ ಹಿತವನ್ನೇ ಬಯಸಬೇಕಾಗುತ್ತದೆ. ಈ ಲೆಕ್ಕವನ್ನು ಬಾಯಲ್ಲಿ ಹೇಳುವುದಕ್ಕಿಂತ ಎಂಟು ಖಾಲಿ ಮನೆಗಳಿರುವ ವಂಶವೃಕ್ಷ ಬರೆದು, ಎರಡರಲ್ಲಿ ಅವರ ಹೆಸರನ್ನು ಅವರಿಂದಲೇ ತುಂಬಿಸಿ, ಉಳಿದವನ್ನು ಖಾಲಿ ಬಿಟ್ಟರೆ ಹೆಚ್ಚು ನಾಟುತ್ತದೆ.

2075ರವರನ್ನು ಸಭೆಗೆ ಕೂರಿಸುವುದು

ಜಪಾನಿನ ಅರ್ಥಶಾಸ್ತ್ರಜ್ಞ ತತ್ಸುಯೋಶಿ ಸೈಜೋ ಅವರ ಬಳಗ 2015ರಲ್ಲಿ ಇವಾತೆ ಪ್ರಾಂತದ ಯಹಾಬಾ ಎಂಬ ಪಟ್ಟಣದಲ್ಲಿ ಒಂದು ಪ್ರಯೋಗ ನಡೆಸಿತು. ಊರಿನ ಯೋಜನೆ ರೂಪಿಸಲು ಸೇರಿದ ನಾಗರಿಕರಲ್ಲಿ ಕೆಲವರು ಇಂದಿನವರಾಗಿಯೇ ಮಾತಾಡಿದರು, ಉಳಿದವರು ತಾವು 2060ರಲ್ಲಿ ಬದುಕುತ್ತಿರುವವರೆಂದು ಭಾವಿಸಿಕೊಂಡು ಮಾತಾಡಿದರು. ಇಂದಿನವರು ಈಗಿನ ಕೊರತೆಗಳ ಪಟ್ಟಿ ಮಾಡಿದರೆ, 2060ರವರು ದೂರದ, ಕಷ್ಟದ ಕೆಲಸಗಳನ್ನು ಮೊದಲು ಎತ್ತಿಕೊಂಡರು. ಈ ವಿಧಾನವನ್ನು ನಾವು ನಮ್ಮ ಮಟ್ಟಕ್ಕೆ ಇಳಿಸಿಕೊಂಡೆವು. ನಾವು ಕಂಡುಕೊಂಡ ಕ್ರಮ ಹೀಗಿದೆ.

ಹನ್ನೆರಡು ಜನ ಸೇರಿದರೆ ನಾಲ್ವರನ್ನು 2075ರವರೆಂದು ಚೀಟಿ ಎತ್ತಿ ಆರಿಸಿ. ತಾವಾಗಿ ಮುಂದೆ ಬಂದವರನ್ನು ಆರಿಸಿದರೆ ಮಾತುಗಾರರೇ ಸಿಗುತ್ತಾರೆ. ಅವರನ್ನು ಬೇರೆ ಕಡೆ, ಎದುರು ಸಾಲಿನಲ್ಲಿ ಕೂರಿಸಿ. ಹೆಗಲ ಮೇಲೆ ಹಸಿರು ಶಾಲಿದ್ದವರಿಗೆ ಅದನ್ನು ತೆಗೆದಿಡಲು ಹೇಳಿದೆವು, ಏಕೆಂದರೆ ಆ ಶಾಲು ಹೆಗಲ ಮೇಲಿರುವವರೆಗೆ ಸರಕಾರವನ್ನು ಕೇಳುವ ಮಾತೇ ಬಾಯಿಗೆ ಬರುತ್ತದೆ, ನಮ್ಮನ್ನು ನಾವು ಕೇಳಿಕೊಳ್ಳುವ ಮಾತು ಬರುವುದಿಲ್ಲ. 2075ರವರು ಇಂದಿನ ಸಂಗತಿಗಳನ್ನು ಭೂತಕಾಲದಲ್ಲಿಯೇ ಹೇಳಬೇಕು: ‘ಆಗ ನೀವು ಭತ್ತ ಹಚ್ಚುತ್ತಿದ್ದಿರಿ’ ಎಂದು. ಈ ನಿಯಮ ಚಿಕ್ಕದೆನಿಸಿದರೂ ಇಡೀ ಕ್ರಮದ ಜೀವ ಇದರಲ್ಲಿದೆ. ಕ್ರಿಯಾಪದ ಬದಲಾದೊಡನೆ ಕಣ್ಣಿನ ಜಾಗವೂ ಬದಲಾಗುತ್ತದೆ.

ನಮ್ಮ ಮೊದಲ ಸಭೆಯಲ್ಲಿ ಅರುವತ್ತು ದಾಟಿದ ಒಬ್ಬ ಹಿರಿಯರಿಗೆ 2075ರ ಚೀಟಿ ಬಂತು. ಮೂವತ್ತು ವರ್ಷದಿಂದ ಎರಡು ಬೆಳೆ ಭತ್ತ ಬಿಡದವರು. ಎದುರಿಗೆ ಕೂತವನು ಅವರ ಅಣ್ಣನ ಮಗ. ಮೊದಲ ಕಾಲು ಗಂಟೆ ನಗೆಚಾಟಿಕೆಯಲ್ಲಿ ಹೋಯಿತು. ಆಮೇಲೆ ಯಾರೋ ಹೊಲದಿಂದ ತಂದು ಪತ್ರಿಕೆಯ ಮೇಲೆ ಇಟ್ಟಿದ್ದ ಬಿಳಿ ಪದರದ ಹೆಂಟೆಯನ್ನು ಹಿರಿಯರು ಕೈಗೆತ್ತಿಕೊಂಡು, ಬೆರಳಲ್ಲಿ ಉಜ್ಜಿ, ತಮಗಿಂತ ಇಪ್ಪತ್ತೈದು ವರ್ಷ ಚಿಕ್ಕವನನ್ನು ನೋಡಿ ಕೇಳಿದರು: ‘ಯಜ್ಜಾ, ಬಸಿಗಾಲುವಿ ತೋಡಾಕ ನಿಮಗ ಏನ್ ಅಡ್ಡಿ ಆಗಿತ್ತು?’ ಅವನು ರೂಢಿಯಂತೆ ‘ಕಾಕಾ’ ಎನ್ನಲು ಬಾಯಿ ತೆರೆದವನು ಅಲ್ಲಿಯೇ ತಡೆದು, ‘ರೊಕ್ಕ ಇರಲಿಲ್ಲ, ತಮ್ಮಾ’ ಎಂದ. ‘ಆ ವರ್ಷ ಮನ್ಯಾಗ ಮದುವಿ ಎಷ್ಟಕ್ಕ ಮಾಡಿದ್ರಿ?’ ಎಂದು ಹಿರಿಯರು ಕೇಳಿದಾಗ ಎಲ್ಲರೂ ನಕ್ಕರು. ಆ ಮದುವೆ ಹಿರಿಯರ ಸ್ವಂತ ಮಗಳದ್ದೆಂದು ನೆನಪಾದ ಮೇಲೆ ನಗು ನಿಂತಿತು. ಅವರು ಹೆಂಟೆಯನ್ನು ಕೆಳಗಿಡದೆ ಸಭೆ ಮುಗಿಯುವವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದರು.

ಫಲ ದೊಡ್ಡದೇನೂ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಬಸಿಗಾಲುವೆಯ ಹೂಳೆತ್ತಲು ಎಕರೆವಾರು ವಂತಿಗೆ ಹಾಕುವ ಠರಾವು ಅಂದು ಪಾಸಾಯಿತು. ಬೇಸಿಗೆ ಭತ್ತವನ್ನು ಬಿಡುವ ಮಾತು ಬಿದ್ದುಹೋಯಿತು. ಹಿರಿಯರೂ ಬಿಟ್ಟಿಲ್ಲ.

ಇಂಥ ಸಭೆಗೆ ಸಮಯವನ್ನು ಧಾರಾಳವಾಗಿ ಇಡಬೇಕು. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಧರ್ಮಶಾಸ್ತ್ರದ ವಿದ್ಯಾರ್ಥಿಗಳು ಉಪನ್ಯಾಸ ಕೊಡಲು ಹೋಗುವ ದಾರಿಯಲ್ಲಿ ನರಳುತ್ತ ಕುಸಿದು ಕೂತ ಒಬ್ಬನನ್ನು ದಾಟಬೇಕಿತ್ತು. ಅವಸರವಿಲ್ಲದವರಲ್ಲಿ ಶೇ 63ರಷ್ಟು ಜನ ನಿಂತು ವಿಚಾರಿಸಿದರು, ತಡವಾಗಿದೆ ಎಂದು ಹೇಳಿಸಿಕೊಂಡು ಹೊರಟವರಲ್ಲಿ ನಿಂತವರು ಶೇ 10 ಮಾತ್ರ. ಅವರಲ್ಲಿ ಕೆಲವರು ಕೊಡಲು ಹೊರಟಿದ್ದ ಉಪನ್ಯಾಸವೇ ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಕಥೆಯನ್ನು ಕುರಿತದ್ದಾಗಿತ್ತು. ಮುಂದಿನವರ ವಿಷಯವನ್ನು ಕಾರ್ಯಸೂಚಿಯ ಕೊನೆಗೆ, ‘ಇತರೆ’ ಎಂಬಲ್ಲಿ ಹಾಕಿದರೆ ಏನಾಗುತ್ತದೆಂದು ಸಭೆ ನಡೆಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಚಹಾ ಬರುವ ಮೊದಲೇ ಅದನ್ನು ಎತ್ತಿಕೊಳ್ಳಿ.

ಕೊಡುವುದರಿಂದಲ್ಲ, ಪಡೆದದ್ದರಿಂದ ಆರಂಭಿಸಿ

ಹಿಂದಿನವರು ತಮಗಾಗಿ ಏನನ್ನಾದರೂ ಬಿಟ್ಟುಹೋಗಿದ್ದಾರೆಂದು ಅರಿತವರು ಮುಂದಿನವರಿಗೆ ಹೆಚ್ಚು ಬಿಡುತ್ತಾರೆ ಎಂಬುದನ್ನು ಕಿಂಬರ್ಲಿ ವೇಡ್-ಬೆಂಜೋನಿ ಅವರ ಅಧ್ಯಯನಗಳು ತೋರಿಸಿವೆ. ಪಡೆದವರಿಗೆ ತಿರುಗಿ ಕೊಡಲಾಗದ ಸಾಲವನ್ನು ಮನುಷ್ಯ ಮುಂದಿನವರಿಗೆ ತೀರಿಸುತ್ತಾನೆ. ನಮ್ಮ ಸೀಮೆಯಲ್ಲಿ ಇದಕ್ಕೆ ಪುರಾವೆ ಹುಡುಕಿಕೊಂಡು ಹೋಗಬೇಕಿಲ್ಲ. ಆನೆಗೊಂದಿಯ ಸುತ್ತ ವಿಜಯನಗರದ ಕಾಲದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಬಂಡೆಶಾಸನಗಳಿವೆ. ಮಸ್ಕಿಯದು ಬೆಳಕಿಗೆ ಬಂದದ್ದು 1915ರಲ್ಲಿ. ಈ ಪ್ರಯತ್ನ ಚಿರಕಾಲ ಉಳಿಯಲಿ ಎಂಬುದು ಆ ಕಿರುಶಾಸನದ ಆಶಯಗಳಲ್ಲೊಂದು. ಬರೆಸಿದವನಿಗೆ ನಾವು ಗೊತ್ತಿರಲಿಲ್ಲ, ಆದರೂ ನಮ್ಮ ಊರಿನ ಬಂಡೆಯನ್ನು ಆರಿಸಿಕೊಂಡ.

ಕನ್ನಡ ನಾಡಿನ ದಾನಶಾಸನಗಳಲ್ಲಿ ಬರುವ ‘ಆಚಂದ್ರಾರ್ಕ’ (ಸೂರ್ಯಚಂದ್ರರಿರುವವರೆಗೆ) ಎಂಬ ಮಾತು ಎಲ್ಲರಿಗೂ ಗೊತ್ತು, ದಾನವನ್ನು ಅಳಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆಂಬ ಶಾಪವೂ ಗೊತ್ತು. ನನಗೆ ಇವೆರಡಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ ಶಾಸನಗಳ ಇನ್ನೊಂದು ಶ್ಲೋಕ: ‘ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋಽನುಪಾಲನಂ.’ ಕೊಡುವುದು ಮತ್ತು ಕೊಟ್ಟದ್ದನ್ನು ಕಾಪಾಡುವುದು ಇವೆರಡರಲ್ಲಿ ಕಾಪಾಡುವುದೇ ಮೇಲು. ಹೊಸದನ್ನು ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಬರುತ್ತದೆ, ಹೂಳೆತ್ತಿದವರ ಹೆಸರನ್ನು ಬರೆಯುವ ರೂಢಿಯಿಲ್ಲ. ಅದಕ್ಕೆ ನಾವು ಬಸಿಗಾಲುವೆಯ ಸೇತುವೆಯ ಗೋಡೆಗೆ ಪ್ರತಿ ವರ್ಷ ವಂತಿಗೆ ಕೊಟ್ಟು ದುಡಿದವರ ಹೆಸರನ್ನು ಬಣ್ಣದಲ್ಲಿ ಬರೆಸಲು ಆರಂಭಿಸಿದೆವು. ಹೆಸರಿನ ಆಸೆ ಪರೋಪಕಾರಕ್ಕೆ ಕಳಂಕವೆಂದು ಒಬ್ಬ ಮೇಷ್ಟ್ರು ಆಕ್ಷೇಪಿಸಿದರು. ಕಳಂಕವಿರಬಹುದು, ಕಾಲುವೆ ಮಾತ್ರ ಸ್ವಚ್ಛವಾಯಿತು.

ಹೆಸರಿನ ಆಸೆಯನ್ನು ಇನ್ನೊಂದು ಬಗೆಯಲ್ಲಿಯೂ ದುಡಿಸಿಕೊಳ್ಳಬಹುದು. ಮುಂದಿನ ತಲೆಮಾರಿನವರು ನನ್ನನ್ನು ಹೇಗೆ ನೆನೆಯಬೇಕು ಎಂದು ಸ್ವಲ್ಪ ಹೊತ್ತು ಕೂತು ಬರೆದವರು, ಹಾಗೆ ಬರೆಯದವರಿಗಿಂತ ಪರಿಸರ ಸಂಸ್ಥೆಗೆ ಹೆಚ್ಚು ಹಣ ಕೊಟ್ಟರೆಂದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ನಾವು ಚರ್ಚೆಗೆ ಮೊದಲು ಅರ್ಧ ಹಾಳೆ ಬರೆಸುತ್ತೇವೆ. ಬರೆಯಲು ಬಾರದವರು ಪಕ್ಕದವರಿಂದ ಬರೆಸುತ್ತಾರೆ. ಚರ್ಚೆ ಮುಗಿದ ಮೇಲೆ ಬರೆಸಿದರೆ ಅದು ಬರಿಯ ಶಿಷ್ಟಾಚಾರ.

ಒಳ್ಳೆಯ ಮನಸ್ಸಿನ ಮೇಲೆ ಭಾರ ಹಾಕಬೇಡಿ, ನಿಯಮದ ಮೇಲೆ ಹಾಕಿ

ಇಷ್ಟೆಲ್ಲ ಮಾಡಿದರೂ ಒಬ್ಬಿಬ್ಬರು ಬಗ್ಗುವುದಿಲ್ಲ. ಆಲಿವರ್ ಹೌಸರ್, ಡೇವಿಡ್ ರ‍್ಯಾಂಡ್, ಮಾರ್ಟಿನ್ ನೊವಾಕ್ ಮತ್ತವರ ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಬಹಳ ಮುಖ್ಯ. ಐದು ಜನರ ಗುಂಪಿನ ಮುಂದೆ 100 ಪಾಲಿನ ಒಂದು ನಿಧಿ. ಪ್ರತಿಯೊಬ್ಬರೂ 20ರವರೆಗೆ ತೆಗೆದುಕೊಳ್ಳಬಹುದು. ಒಟ್ಟು 50ರೊಳಗೆ ನಿಂತರೆ ಮುಂದಿನ ಗುಂಪಿಗೆ ನಿಧಿ ಮತ್ತೆ ಪೂರ್ತಿಯಾಗಿ ತುಂಬುತ್ತದೆ, ಮೀರಿದರೆ ಅವರಿಗೆ ಏನೂ ಇಲ್ಲ. ಹೆಚ್ಚಿನವರು ತಮ್ಮ ಪಾಲಿನ 10ರೊಳಗೇ ನಿಂತರು, ಆದರೂ ಒಬ್ಬಿಬ್ಬರ ಆಸೆಯಿಂದ ನಿಧಿ ಬಹುತೇಕ ಸಲ ಬೇಗನೆ ಬರಿದಾಯಿತು. ಪ್ರತಿಯೊಬ್ಬರೂ ಎಷ್ಟು ತೆಗೆಯಬೇಕೆಂದು ಮತ ಹಾಕಿ, ನಡುವಿನ ಮತವೇ ಎಲ್ಲರಿಗೂ ಅನ್ವಯವಾಗುವಂತೆ ಮಾಡಿದಾಗ ನಿಧಿ ತಲೆಮಾರುಗಳ ಕಾಲ ಉಳಿಯಿತು. ಜನರ ಸ್ವಭಾವ ಎರಡು ಸಲವೂ ಒಂದೇ ಇತ್ತು, ಬದಲಾದದ್ದು ನಿಯಮ.

ಬಳ್ಳಾರಿಯವರು ಇದನ್ನು ಮಣ್ಣಿನ ಬಣ್ಣದಲ್ಲಿಯೇ ಕಂಡಿದ್ದಾರೆ. ಕಬ್ಬಿಣದ ಅದಿರಿನ ಬೆಲೆ ಏರಿದ ದಿನಗಳಲ್ಲಿ ಒಬ್ಬ ಲಾರಿ ಮಾಲೀಕ ಮನಸ್ಸು ಮಾಡಿ ಹಿಂದೆ ಸರಿದಿದ್ದರೆ ಅವನ ಜಾಗಕ್ಕೆ ಇನ್ನೊಂದು ಲಾರಿ ಬರುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿ, ಬಳಿಕ ವರ್ಷಕ್ಕೆ ಇಷ್ಟೇ ಅದಿರು ತೆಗೆಯಬೇಕೆಂಬ ಮಿತಿ ಹಾಕಿದ ಮೇಲೆಯೇ ತಲೆಮಾರುಗಳ ನಡುವಿನ ಪಾಲಿನ ಪ್ರಶ್ನೆ ಲೆಕ್ಕಕ್ಕೆ ಬಂತು. ಆ ಮಿತಿಯ ಅಳತೆಯ ಬಗ್ಗೆ ಜಗಳಗಳಿವೆ, ಇರಲಿ. ಸಂಘದ ಮಟ್ಟದಲ್ಲಿ ಮಾಡಬೇಕಾದದ್ದು ಇಷ್ಟು: ಮಿತಿ ಎಷ್ಟಿರಬೇಕೆಂದು ಗುಟ್ಟಿನ ಚೀಟಿಯಲ್ಲಿ ಪ್ರತಿಯೊಬ್ಬರಿಂದ ಒಂದು ಅಂಕಿ ಬರೆಸಿ, ಏರಿಕೆ ಕ್ರಮದಲ್ಲಿ ಜೋಡಿಸಿ, ನಟ್ಟನಡುವಿನ ಅಂಕಿಯನ್ನು ಎಲ್ಲರ ಮೇಲೂ ಹಾಕಿ. ಸರಾಸರಿ ತೆಗೆಯಬೇಡಿ, ಒಬ್ಬನೇ ವಿಪರೀತ ಬರೆದು ಸರಾಸರಿಯನ್ನು ಎಳೆಯಬಲ್ಲ, ನಡುವಿನ ಅಂಕಿಯನ್ನು ಎಳೆಯಲಾರ.

ಎಚ್ಚರಿಕೆಗಳು ಎರಡೇ. ದೊಡ್ಡ ಸಂಖ್ಯೆಗಳಿಂದ ಹೆದರಿಸಬೇಡಿ. ಎರಡು ಸಾವಿರ, ಇಪ್ಪತ್ತು ಸಾವಿರ, ಎರಡು ಲಕ್ಷ ಹಕ್ಕಿಗಳನ್ನು ಉಳಿಸಲು ಎಷ್ಟು ಕೊಡುತ್ತೀರೆಂದು ಅಮೆರಿಕದಲ್ಲಿ ಬೇರೆಬೇರೆ ಗುಂಪುಗಳನ್ನು ಕೇಳಿದಾಗ ಬಂದ ಸರಾಸರಿ ಉತ್ತರಗಳು ಕ್ರಮವಾಗಿ 80, 78, 88 ಡಾಲರ್. ಎರಡನೆಯದಾಗಿ, ಹುಟ್ಟದವರ ಹೆಸರನ್ನು ಇಂದಿನ ಬಡವರ ಬಾಯಿ ಮುಚ್ಚಿಸಲು ಬಳಸಲು ಬಿಡಬೇಡಿ. ಗುಳೆ ಹೋಗುವ ಕೂಲಿಯವನಿಗೆ ಎಕರೆಗಳಿಲ್ಲ, ಸವಳಿಗೆ ಅವನು ಕಾರಣನೂ ಅಲ್ಲ; ಆದ್ದರಿಂದ ವಂತಿಗೆ ಎಕರೆಯ ಮೇಲೆ ಇರಲಿ, ತಲೆಯ ಮೇಲೆ ಬೇಡ, ಹೂಳೆತ್ತುವ ಕೂಲಿ ಮೊದಲು ಅವನಿಗೆ ಸಿಗಲಿ. ಈ ಮಾತಿಗೆ ನಮ್ಮ ಸಂಘದಲ್ಲಿ ಎರಡು ಸಭೆ ಹಿಡಿದವು.

ಕೊನೆಯ ಹೆಜ್ಜೆ ತಿರುಗಿ ನೋಡುವ ದಿನವನ್ನು ಗೊತ್ತುಮಾಡುವುದು. ಅರ್ಧ ಹಾಳೆಯ ಬರಹಗಳು, ಅಂದಿನ ಮಣ್ಣು ಪರೀಕ್ಷೆಯ ಚೀಟಿ ಮತ್ತು ಠರಾವಿನ ನಕಲನ್ನು ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ತೆರೆಯುವ ವರ್ಷ ಬರೆದು ಸಂಘದ ಬೀರುವಿನಲ್ಲಿಡಿ. ನಮ್ಮದರ ಮೇಲೆ 2035 ಎಂದಿದೆ. ದಫ್ತರಿನಲ್ಲಿ ದಾಖಲಿಸುವಾಗ ‘ಪಡೆಯುವವರ ಹೆಸರು’ ಎಂಬ ಅಂಕಣಕ್ಕೆ ಬಂದು ಲೇಖನಿ ನಿಂತಿತು. ಸ್ವಲ್ಪ ಹೊತ್ತು ಯೋಚಿಸಿ ‘ಆಗಿನ ಕಾರ್ಯದರ್ಶಿ’ ಎಂದು ಬರೆದು, ಸಹಿಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.